ಪದ ಪರಿಚಯ: ಸೊಂಟದ ಮೂಳೆ ಮುರಿತ ಮತ್ತು ‘ಶಸ್ತ್ರಚಿಕಿತ್ಸೆಯ ವಿಳಂಬ’

ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿಯಿತು ಎನ್ನುವಾಗ ನಿಜವಾಗಿ ಮುರಿದಿರುವುದು ಸಾಮಾನ್ಯವಾಗಿ ತೊಡೆಮೂಳೆಯ ಮೇಲ್ತುದಿ. ಅದಕ್ಕೆ ಆಪರೇಷನ್ ಆಗಬೇಕಾದ ಅವಧಿ ಮೀರಿದರೆ ಅದು ‘ವಿಳಂಬ’. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಸಂಸ್ಥೆಯಾದ ನೈಸ್‌ನ (NICE) ಮಾರ್ಗಸೂಚಿ ದಾಖಲಾದ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆ ಆಗಬೇಕೆನ್ನುತ್ತದೆ. ಈ ಲೆಕ್ಕ ಶುರುವಾಗುವುದು ಆಸ್ಪತ್ರೆಗೆ ದಾಖಲಾದಾಗಿನಿಂದ. ಬಿದ್ದವರ ನೋವು ಮಾತ್ರ ಅದಕ್ಕೂ ಮೊದಲೇ ಶುರುವಾಗಿರುತ್ತದೆ.

ವಿಳಂಬ ಅಲ್ಲಿಂದಲೇ ಆರಂಭವಾಗಬಹುದು. ಮುರಿದ ತುಂಡು ಜರುಗಿದ್ದರೆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿರುವುದು ಕಣ್ಣಿಗೇ ಕಾಣುತ್ತದೆ. ಜರುಗದೆ ಬರೀ ಬಿರುಕು ಬಿಟ್ಟಿದ್ದರೆ ಕೆಲವರು ಕುಂಟುತ್ತಲೇ ಓಡಾಡುತ್ತಾರೆ, ಎಕ್ಸ್‌ರೇಯಲ್ಲೂ ಅದು ತಪ್ಪಿಹೋಗಬಹುದು. ಎಂಆರ್‌ಐ ಮಾಡಿಸಿದಾಗಲೇ ಗೊತ್ತಾಗುತ್ತದೆ.

ದಾಖಲಾದ ಮೇಲಿನ ಕಾರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಹೃದಯದ ಬಡಿತ ತೀರ ಏರುಪೇರಾಗಿದ್ದರೆ, ರಕ್ತದಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಬಹಳ ವ್ಯತ್ಯಾಸವಾಗಿದ್ದರೆ, ತೀವ್ರ ರಕ್ತಹೀನತೆಯಿದ್ದರೆ ಅದನ್ನು ತಹಬಂದಿಗೆ ತರಲು ಹಿಡಿಯುವ ಕೆಲವು ಗಂಟೆಗಳು ಚಿಕಿತ್ಸೆಯ ಭಾಗವೇ ಆಗಿವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳ ವಿಷಯದಲ್ಲಿ ಹೆಚ್ಚು ವಿವೇಚನೆ ಬೇಕು. ವಾರ್ಫರಿನ್ ಪರಿಣಾಮವನ್ನು ಕೆ ಜೀವಸತ್ವ ಕೊಟ್ಟು ತಗ್ಗಿಸಬಹುದು. ಹೊಸ ಬಗೆಯ ಮಾತ್ರೆಗಳಾದರೆ ಕೊನೆಯ ಗುಳಿಗೆ ನುಂಗಿದ್ದು ಯಾವಾಗ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ನೋಡಬೇಕಾಗುತ್ತದೆ. ಮನೆಯವರು ಮಾತ್ರೆಯ ಪಟ್ಟಿಯನ್ನೂ ಹೊತ್ತನ್ನೂ ತಿಳಿಸಿದರೆ ಎಷ್ಟೋ ಸಮಯ ಉಳಿಯುತ್ತದೆ. ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಿಕೊಳ್ಳದಂತೆ ತಡೆಯುವ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದಾರೆಂಬ ಒಂದೇ ಕಾರಣಕ್ಕೆ ದಿನಗಟ್ಟಲೆ ಕಾಯುವುದನ್ನು ಈಗಿನ ಮಾರ್ಗಸೂಚಿಗಳು ಒಪ್ಪುವುದಿಲ್ಲ. ಫಲಿತಾಂಶ ಏನೇ ಬಂದರೂ ಆಪರೇಷನ್ನಿನ ನಿರ್ಧಾರ ಬದಲಾಗದಿದ್ದಾಗಲೂ ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಗಾಗಿ ಕಾಯಿಸುವುದೂ ಇಂಥದ್ದೇ.

ಇನ್ನುಳಿದದ್ದು ವ್ಯವಸ್ಥೆಯ ಕೊರತೆ: ಥಿಯೇಟರ್ ಖಾಲಿಯಿಲ್ಲ, ರಜಾದಿನ, ಅರಿವಳಿಕೆ ತಜ್ಞರಿಲ್ಲ, ಬೇರೆ ಆಸ್ಪತ್ರೆಗೆ ಸಾಗಿಸಬೇಕು, ಸಮ್ಮತಿಯೋ ಹಣವೋ ಹೊಂದಿಸಬೇಕು. ಈ ಕಾಯುವಿಕೆಯಿಂದ ರೋಗಿಗೆ ಯಾವ ಪ್ರಯೋಜನವೂ ಇಲ್ಲ. ಬೆಳಗಿನಿಂದ ಉಪವಾಸವಿರಿಸಿ ಸಂಜೆ ‘ಇವತ್ತು ಆಗುವುದಿಲ್ಲ’ ಎಂದಾಗ, ಮೊದಲೇ ನಿಶ್ಶಕ್ತರಾದವರ ದೇಹ ನೀರಿನಂಶವನ್ನೂ ಕಳೆದುಕೊಂಡಿರುತ್ತದೆ. ಮಲಗಿದ್ದಲ್ಲೇ ಇರುವುದರಿಂದ ನ್ಯುಮೋನಿಯಾ, ಬೆನ್ನಿನಲ್ಲಿ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ದಿಕ್ಕುತಪ್ಪಿ ಮಾತಾಡುವ ಸನ್ನಿಯಂಥ ಗೊಂದಲ ಕಾಡುತ್ತವೆ.

ಹಾಗೆಂದು ಗಂಟೆಗಳನ್ನು ಕಡಿಮೆ ಮಾಡಿದಷ್ಟೂ ಜೀವ ಉಳಿಯುತ್ತದೆ ಎನ್ನುವಂತಿಲ್ಲ. 2020ರಲ್ಲಿ ಪ್ರಕಟವಾದ ‘ಹಿಪ್ ಅಟ್ಯಾಕ್’ ಅಧ್ಯಯನದಲ್ಲಿ, ಮುರಿತ ಪತ್ತೆಯಾದ ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿದರೂ 90 ದಿನಗಳೊಳಗಿನ ಸಾವು ಗಮನಾರ್ಹವಾಗಿ ತಗ್ಗಲಿಲ್ಲ. ಆದರೆ ಸನ್ನಿ ಕಡಿಮೆಯಾಯಿತು, ರೋಗಿಗಳು ಬೇಗ ಎದ್ದು ನಿಂತರು. ಯಾವ ಕಾರಣದ ವಿಳಂಬವೇ ಆಗಲಿ, ಆ ಹೊತ್ತಿನಲ್ಲಿ ತೊಡೆಸಂದಿಯ ಬಳಿ ನರಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನೋವನ್ನು ತಗ್ಗಿಸಲು ಸಾಧ್ಯವಿದೆ.