ಸಚಿವರಿಗೆ ಹಿಡಿಸದ ಟಿಪ್ಪಣಿ ಬರೆಯಬಹುದೇ?

ಪ್ರಶ್ನೆ: ‘ಅಧಿಕಾರಿಗಳು ದೇಶದ ಉಕ್ಕಿನ ಚೌಕಟ್ಟು, ನಿರ್ಭಯವಾಗಿರಿ’ ಎಂದು ಸರ್ದಾರ್ ಪಟೇಲರು ಹೇಳಿದ್ದು ಎಲ್ಲಿ, ಯಾವಾಗ? ಮೇಲಿನವರ ಅಭಿಪ್ರಾಯಕ್ಕೆ ವಿರುದ್ಧವಾಗಿ ಬರೆಯುವುದು ಧೈರ್ಯವೋ ಅವಿಧೇಯತೆಯೋ? ಸಂದರ್ಶನದಲ್ಲಿ ಕೇಳಿದರೆ ಏನು ಹೇಳಲಿ?
– ಆಡಳಿತ ಸೇವೆಯ ಪರೀಕ್ಷೆಗೆ ಓದುತ್ತಿರುವ ಓದುಗರು, ಉಡುಪಿ

ಏಪ್ರಿಲ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. 21ರಂದು ನಾಗರಿಕ ಸೇವಾ ದಿನ. ಅಂದು ಬೆಳಕು ಹರಿಯುವಷ್ಟರಲ್ಲಿ ಮೊಬೈಲಿನಲ್ಲಿ ಪಟೇಲರ ಚಿತ್ರ, ಅದರಡಿ ದಪ್ಪಕ್ಷರದಲ್ಲಿ ಉಕ್ಕಿನ ಚೌಕಟ್ಟು.

ಮೊದಲು ಈ ಚೌಕಟ್ಟಿನ ಬಾಬತ್ತನ್ನು ಮುಗಿಸಿಬಿಡುತ್ತೇನೆ. ಆ ಹೋಲಿಕೆಗೆ ಹೆಸರು ತಂದವರು ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್. 1922ರ ಆಗಸ್ಟ್ 2ರಂದು ಲಂಡನ್ನಿನ ಸಂಸತ್ತಿನಲ್ಲಿ ಅವರು ಬ್ರಿಟಿಷ್ ಭಾರತದ ಆಡಳಿತ ಸೇವೆಯಾದ ಐಸಿಎಸ್ ಅನ್ನು ಇಡೀ ಕಟ್ಟಡದ ಉಕ್ಕಿನ ಚೌಕಟ್ಟು ಎಂದು ಕರೆದರು; ಅದನ್ನು ಕಳಚಿದರೆ ಎಲ್ಲವೂ ಕುಸಿಯುತ್ತದೆ ಎಂದರು. ಅವರ ಕಣ್ಣಮುಂದಿದ್ದ ಕಟ್ಟಡ ಸಾಮ್ರಾಜ್ಯದ್ದು. ಅದೇ ಮಾತು ಸರ್ದಾರರ ಚಿತ್ರದ ಕೆಳಗೆ ಬಂದು ಕೂತಿರುವುದು ಇತಿಹಾಸದ ಒಂದು ಚೇಷ್ಟೆ.

ಪಟೇಲರು ಆಡಿದ್ದರಲ್ಲಿ ಎರಡು ಭಾಷಣಗಳು ನಿಮಗೆ ಬೇಕು. ಮೊದಲನೆಯದು 1947ರ ಏಪ್ರಿಲ್ 21ರದ್ದು, ದೆಹಲಿಯ ಮೆಟ್‌ಕಾಫ್ ಹೌಸ್‌ನಲ್ಲಿ ಹೊಸ ಆಡಳಿತ ಸೇವೆಯ ಮೊದಲ ತಂಡಕ್ಕೆ ಹೇಳಿದ್ದು. ನಿಮ್ಮ ಹಿಂದಿನವರು ಜನರಿಂದ ದೂರ ಉಳಿದರು, ನೀವು ಜನಸಾಮಾನ್ಯರನ್ನು ನಿಮ್ಮವರೆಂದು ಕಾಣಿರಿ, ನಿಷ್ಪಕ್ಷಪಾತವಾಗಿರಿ, ಲಂಚ ಮುಟ್ಟಬೇಡಿ, ರಾಜಕೀಯಕ್ಕೆ ಇಳಿಯಬೇಡಿ. ಹಿರಿಯರೊಬ್ಬರು ಕಿರಿಯರಿಗೆ ಹೇಳುವ ಬುದ್ಧಿಮಾತು. ನಾಗರಿಕ ಸೇವಾ ದಿನಕ್ಕೆ ಆ ತಾರೀಖು ಬಂದದ್ದು ಇಲ್ಲಿಂದ.

ಧೈರ್ಯದ ಮಾತಿರುವುದು ಎರಡನೆಯದರಲ್ಲಿ. 1949ರ ಅಕ್ಟೋಬರ್ 10, ಸಂವಿಧಾನ ಸಭೆ. ಬ್ರಿಟಿಷರ ಕಾಲದಿಂದ ಉಳಿದುಬಂದ ಐಸಿಎಸ್ ಅಧಿಕಾರಿಗಳ ಸೇವಾ ಷರತ್ತುಗಳಿಗೆ ಸಂವಿಧಾನದಲ್ಲೇ ಭದ್ರತೆ ಕೊಡಬೇಕೇ ಎಂಬ ಚರ್ಚೆ ನಡೆಯುತ್ತಿತ್ತು. ಸದಸ್ಯರಲ್ಲಿ ಹಲವರು ಕೆರಳಿದ್ದರು, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ತಮ್ಮನ್ನು ಜೈಲಿಗೆ ಕಳಿಸಿದ ಆಡಳಿತದವರಿಗೇ ರಕ್ಷಣೆ ಕೊಡಬೇಕೆಂದರೆ ಯಾರಿಗೆ ಹಿತವಾದೀತು? ಪಟೇಲರೂ ಜೈಲು ಕಂಡವರೇ. ಆದರೂ ಎದ್ದುನಿಂತು, ನಾನು ಜತೆಯಲ್ಲಿ ಕೆಲಸ ಮಾಡಿದ ಇವರಲ್ಲಿ ಅನೇಕರು ನನ್ನಷ್ಟೇ ದೇಶಭಕ್ತರು ಎಂದರು. ತನ್ನ ಮನಸ್ಸಿನಲ್ಲಿರುವುದನ್ನು ಹೇಳುವ ಸ್ವಾತಂತ್ರ್ಯವುಳ್ಳ ಸೇವೆಯೊಂದು ಇಲ್ಲದಿದ್ದರೆ ಒಕ್ಕೂಟವೇ ಉಳಿಯದು ಎಂದರು. ಆಮೇಲೆ ಬಂದ ಮಾತಿನ ಸಾರ ಇಷ್ಟು: ನನ್ನ ಕಾರ್ಯದರ್ಶಿ ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಟಿಪ್ಪಣಿ ಬರೆಯಬಹುದು, ಆ ಸ್ವಾತಂತ್ರ್ಯವನ್ನು ನಾನೇ ಕೊಟ್ಟಿದ್ದೇನೆ, ಸಚಿವರಿಗೆ ಬೇಸರವಾದೀತೆಂದು ಹೆದರಿ ಪ್ರಾಮಾಣಿಕ ಅಭಿಪ್ರಾಯ ಹೇಳದಿದ್ದರೆ ನೀವು ಹೊರಡಿ, ಬೇರೊಬ್ಬರನ್ನು ತರುತ್ತೇನೆ.

ಈ ಮಾತನ್ನು ಅಧಿಕಾರಿಗಳಿಗೆ ಕೊಟ್ಟ ಉಪದೇಶವೆಂದು ಎಲ್ಲರೂ ಓದುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೇಳುತ್ತಿದ್ದವರು ಗೃಹ ಸಚಿವರು, ಕೇಳುತ್ತಿದ್ದವರು ಜನಪ್ರತಿನಿಧಿಗಳು. ಕೆಳಗಿನವನ ಧೈರ್ಯಕ್ಕೆ ಮೇಲಿನವನು ಜಾಮೀನು ನಿಲ್ಲಬೇಕು ಎಂಬುದನ್ನು ಅವರು ತಮ್ಮನ್ನೇ ಮುಂದಿಟ್ಟು ತೋರಿಸುತ್ತಿದ್ದರು.

ಇನ್ನು ಅವಿಧೇಯತೆಯ ವಿಚಾರ. ನಮ್ಮ ನದಿಯ ಮರಳಿನದೇ ಕಡತವೊಂದನ್ನು ಕಲ್ಪಿಸಿಕೊಳ್ಳಿ. ಮರಳು ದಿಬ್ಬ ತೆರವಿಗೆ ಅನುಮತಿ ಕೊಡಬೇಕೆಂದು ಮೇಲಿನಿಂದ ಒತ್ತಡವಿದೆ. ಅಳತೆ ಮಾಡಿಸಿದ ಅಧಿಕಾರಿಗೆ ಅಲ್ಲಿ ತೆಗೆಯುವಷ್ಟು ಮರಳಿಲ್ಲವೆಂದು ಗೊತ್ತಿದೆ. ಅದನ್ನು ಅಂಕಿಗಳ ಸಮೇತ ಟಿಪ್ಪಣಿ ಹಾಳೆಯಲ್ಲಿ ಬರೆಯುವುದು ಅವನ ಕೆಲಸ, ಅವಿಧೇಯತೆಯಲ್ಲ. ಮೇಲಿನವರು ಕಾರಣ ಬರೆದು, ಕಾನೂನಿನ ಮಿತಿಯಲ್ಲಿ ಬೇರೆ ತೀರ್ಮಾನ ಕೊಟ್ಟರೆ ಅದನ್ನು ಜಾರಿಗೊಳಿಸುವುದೂ ಅವನ ಕೆಲಸವೇ. ಕಡತದಲ್ಲಿ ಒಪ್ಪಿಗೆ ಬರೆದು, ದೋಣಿ ನಿಲ್ಲುವ ಧಕ್ಕೆಯಲ್ಲಿ ಮರಳಿನ ದೋಣಿ ತಡೆಯುವುದು ಅವಿಧೇಯತೆ. ಫೋನಿನಲ್ಲಿ ಬಂದ ಆದೇಶಕ್ಕೆ ಏನು ಮಾಡುವುದು? ಅಖಿಲ ಭಾರತ ಸೇವೆಗಳ ನಡತೆ ನಿಯಮಗಳ ಪ್ರಕಾರ ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು. ಬಾಯಿಮಾತಿನದಾದರೆ ಲಿಖಿತ ದೃಢೀಕರಣ ಕೇಳಬೇಕು. 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ, ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲಷ್ಟೇ ನಡೆಯಬಾರದೆಂದು ಹೇಳಿತು. ಅಂದು ಪಟೇಲರ ಜನ್ಮದಿನವೂ ಹೌದು.

ರಕ್ಷಣೆ ಇಲ್ಲವೆಂದಲ್ಲ. ಸಂವಿಧಾನದ 311ನೇ ವಿಧಿಯ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ವಿಚಾರಣೆ ನಡೆಸದೆ ಸರ್ಕಾರಿ ನೌಕರನನ್ನು ವಜಾ ಮಾಡುವಂತಿಲ್ಲ. ಆದರೆ ವರ್ಗಾವಣೆಗೆ ಅದು ಅಡ್ಡ ಬರುವುದಿಲ್ಲ. ನಮ್ಮ ಜಿಲ್ಲಾಡಳಿತದ ಕಚೇರಿಯಾದ ಮಣಿಪಾಲದ ರಜತಾದ್ರಿಯಲ್ಲಿ ಕಡತ ಹೊರುವವರಿಗೂ ಇದು ಗೊತ್ತು.

ಜಾಮೀನು ನಿಲ್ಲುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಜಿಲ್ಲೆಯ ಮನೆತನದಲ್ಲೇ ಇದೆ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಸಂವಿಧಾನ ಸಭೆಯ ಸಲಹೆಗಾರರಾದ ಬೆನೆಗಲ್ ನರಸಿಂಗ ರಾಯರನ್ನು ನೀವು ಬಲ್ಲಿರಿ. ಅವರ ತಮ್ಮ ರಾಮ ರಾಯರು, ಅವರೂ ಐಸಿಎಸ್, 1949ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ಗವರ್ನರ್. 1956ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ವ್ಯಾಪಾರಿಗಳು ಸಾಲಕ್ಕೆ ಬಳಸುವ ಹುಂಡಿ ಪತ್ರಗಳ ಮೇಲಿನ ಸ್ಟಾಂಪ್ ಸುಂಕ ಏರಿಸಿದಾಗ, ಇದು ಬಡ್ಡಿದರದಲ್ಲಿ ಕೈಹಾಕಿದಂತೆ ಎಂದು ರಾಯರು ಬರವಣಿಗೆಯಲ್ಲೇ ಆಕ್ಷೇಪಿಸಿದರು. ಬ್ಯಾಂಕು ತಮ್ಮ ಸಚಿವಾಲಯದ ಒಂದು ವಿಭಾಗ ಎಂಬುದು ಸಚಿವರ ನಿಲುವು. ನೆಹರೂ ಸಚಿವರ ಪರ ನಿಂತರು. 1957ರ ಜನವರಿಯಲ್ಲಿ ರಾಯರು ಹುದ್ದೆ ಬಿಟ್ಟರು. ಸಚಿವರಿಗೂ ಅವರದೇ ವಾದವಿತ್ತು, ಆರ್ಥಿಕ ನೀತಿಗೆ ಜನರ ಮುಂದೆ ಉತ್ತರ ಕೊಡಬೇಕಾದವರು ಅವರೇ ತಾನೆ. ಆದರೆ ಹೊರಡಬೇಕಾಗಿ ಬಂದದ್ದು ಬಾಯಿಬಿಟ್ಟವರಿಗೆ. ಪಟೇಲರು ಹೊರಡಿ ಎಂದದ್ದು ಬಾಯಿಬಿಡದವರಿಗೆ.

ಸಂದರ್ಶನದಲ್ಲಿ ಕೇಳಿದರೆ 1949ರ ಭಾಷಣದ ತಾರೀಖನ್ನು ಹೇಳಿ, ಚೌಕಟ್ಟನ್ನು ಲಾಯ್ಡ್ ಜಾರ್ಜರಿಗೆ ಬಿಟ್ಟುಕೊಡಿ. ಮಂಡಳಿಯ ಸದಸ್ಯರೇ ಅದನ್ನು ಪಟೇಲರ ಮಾತೆಂದು ನಂಬಿದ್ದರೆ ತಿದ್ದಬೇಕೇ ಎಂದು ಕೇಳುತ್ತೀರಿ. ತಿದ್ದಿ, ಮೆತ್ತಗೆ, ತಾರೀಖಿನ ಸಮೇತ.