ಚೀನಾದ ವಲಸೆ ಕಾರ್ಮಿಕರು ಮನೆಯವರ ಜೊತೆ ಹೇಗೆ ಮಾತಾಡ್ತಾರೆ?

ತುಂಬಾ ಜನ ಕೇಳೋ ಪ್ರಶ್ನೆ ಇದು: "ಚೀನಾದಲ್ಲಿ ವಾಟ್ಸಾಪ್, ಫೇಸ್‌ಬುಕ್ ಎರಡೂ ಬ್ಲಾಕ್ ಅಂತಾರಲ್ಲ, ಹಂಗಾದ್ರೆ ಊರು ಬಿಟ್ಟು ಫ್ಯಾಕ್ಟರಿಗೆ ಬಂದವರು ಮನೆಯವರ ಜೊತೆ ಮಾತಾಡೋದು ಹೇಗೆ?"

ವೀಚಾಟ್ ಅನ್ನೋ ಅಲ್ಲಿನ ಆ್ಯಪಲ್ಲಿ. 2011ರಲ್ಲಿ ಬಂದಿದ್ದು, ನಾವು ವಾಟ್ಸಾಪು ಫೋನ್‌ಪೇ ಅಂತ ಬೇರೆ ಬೇರೆ ಮಾಡೋದೆಲ್ಲ ಅವರಿಗೆ ಅದೊಂದರಲ್ಲೇ ಆಗುತ್ತೆ. ಆದ್ರೆ ಅದು ಯಾಕೆ ಅಷ್ಟು ಬೇಕು ಅಂತ ತಿಳೀಬೇಕಂದ್ರೆ ಹುಕೌ ಬಗ್ಗೆ ಗೊತ್ತಿರ್ಬೇಕು. ಅದು ವಾಸದ ನೋಂದಣಿ, ಹಳ್ಳೀದಾಗಿದ್ರೆ ಸಿಟಿಯ ಸರ್ಕಾರಿ ಸ್ಕೂಲಲ್ಲಿ ಮಗೂಗೆ ಸೀಟು ಸಿಗೋದು ಕಷ್ಟ, ಹಂಗಾಗಿ ಎಷ್ಟೋ ಜನ ಮಕ್ಕಳನ್ನ ಅಜ್ಜಿ ತಾತನ ಹತ್ರ ಬಿಟ್ಟು ಶೆನ್‌ಜೆನ್, ಡಾಂಗ್‌ಗುವಾನ್ ಕಡೆ ದುಡಿಯೋಕೆ ಬರ್ತಾರೆ. ಹಿಂಗೆ ಊರು ಬಿಟ್ಟವರು 2023ರಲ್ಲಿ 17 ಕೋಟಿಗೂ ಜಾಸ್ತಿ ಇದ್ರು.

ಈಗ ಆ ಅಜ್ಜಿ ಟೈಪ್ ಮಾಡೋದು ಹೇಗೆ? ಅಲ್ಲಿ ಹೆಚ್ಚಿನವರು ಮ್ಯಾಂಡರಿನ್ ಉಚ್ಚಾರಣೆನ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಚೀನೀ ಅಕ್ಷರ ಆರಿಸ್ಕೋತಾರೆ, ಮನೇಲಿ ಆಡೋ ಮಾತೇ ಬೇರೆ ಇರೋ ವಯಸ್ಸಾದವರಿಗೆ ಅದೆಲ್ಲಿ ಬರ್ಬೇಕು. ಅದಕ್ಕೇ ವಾಯ್ಸ್ ಮೆಸೇಜು. ಒತ್ತಿ ಹಿಡಿದು ಮಾತಾಡಿ ಬೆರಳು ತೆಗೆದ್ರೆ ಹೋಯ್ತು, ಒಂದಕ್ಕೆ 60 ಸೆಕೆಂಡು, ಮಾತು ಮುಗೀದಿದ್ರೆ ಇನ್ನೊಂದು. ಕೇಳದೇ ಇರೋ ಮೆಸೇಜ್ ಪಕ್ಕ ಒಂದು ಕೆಂಪು ಚುಕ್ಕೆ ಇರುತ್ತೆ, ಶಿಫ್ಟ್ ಮುಗಿಸಿ ಬಂದು ಮೊದಲನೇದನ್ನ ಒತ್ತಿದ್ರೆ ಉಳಿದಿದ್ದೂ ಒಂದರ ಹಿಂದೆ ಒಂದು ತಾನೇ ಕೇಳ್ಸುತ್ತೆ, ಮಗು ಉಂಡಿದ್ದು, ಜ್ವರ ಬಿಟ್ಟಿದ್ದು, ಎಲ್ಲಾ ಊರ ಮಾತಲ್ಲೇ. ನನ್ನ ಮನಸ್ಸಿಗೆ ತುಂಬಾ ತಟ್ಟೋದು ಇದೇ.

ವೀಚಾಟ್‌ಗೂ ಮುಂಚೆ ಕ್ಯೂಕ್ಯೂ ಅನ್ನೋ ಚಾಟ್ ಇತ್ತು, 1999ರದ್ದು, ಈಗ್ಲೂ ಇದೆ. ಫ್ಯಾಕ್ಟರಿ ಹಾಸ್ಟೆಲಲ್ಲಿ ಒಂದು ರೂಮಿಗೆ ಎಂಟೆಂಟು ಜನ, ಮಂಚದ ಮೇಲೊಂದು ಮಂಚ, ನಮ್ದು ಅಂತ ಒಂದು ಮೂಲೆನೂ ಇಲ್ಲ. ಕ್ಯೂಕ್ಯೂ ಪೇಜಲ್ಲಿ ಮಾತ್ರ ಫೋಟೋ ಆಲ್ಬಂಗೆ ಬೀಗ ಹಾಕ್ಬಹುದು, ಬ್ಯಾಕ್‌ಗ್ರೌಂಡು, ಹಾಡು ತಮಗೆ ಬೇಕಾದ್ದು ಇಟ್ಕೋಬಹುದು. ಹರೆಯದ ಹುಡುಗ ಹುಡುಗೀರಿಗೆ ಅದೇ ಸ್ವಂತ ರೂಮು ಇದ್ದಂಗೆ.

ಇನ್ನು ಊರಿನವರ ಗ್ರೂಪುಗಳು. ಯಾವ ಫ್ಯಾಕ್ಟರೀಲಿ ಓಟಿ ಎಷ್ಟು, ಊಟ ಹೇಗೆ, ಸಂಬಳ ಟೈಮಿಗೆ ಬರುತ್ತಾ, ಎಲ್ಲಾ ಅಲ್ಲೇ ಗೊತ್ತಾಗೋದು.

ಕ್ವಾಯ್‌ಶೋ, ಡೌಯಿನ್‌ನಂಥ ಆ್ಯಪಲ್ಲಿ ರೀಲ್ಸ್ ನೋಡಿ ಟೈಂಪಾಸ್ ಮಾಡೋದು ಇದ್ದದ್ದೇ, ಆದ್ರೆ ಸಂಬಳ ಕೊಡದೆ ಸತಾಯಿಸೋರ ವಿಡಿಯೋನೂ ಅಲ್ಲೇ ಹಾಕ್ತಾರೆ. 2022ರ ಅಕ್ಟೋಬರಲ್ಲಿ ಝೆಂಗ್‌ಝೌನ ಐಫೋನ್ ಫ್ಯಾಕ್ಟರೀಲಿ ಕೋವಿಡ್ ನಿರ್ಬಂಧ ತಡ್ಕೊಳಕ್ಕಾಗ್ದೆ ಕಾರ್ಮಿಕರು ಬ್ಯಾಗು ಹೊತ್ಕೊಂಡು ಹೊಲ, ಹೈವೇ ಅಂತ ನೋಡದೆ ಊರಿಗೆ ನಡ್ಕೊಂಡೇ ಹೊರಟಿದ್ದು ಹೊರಗಿನವರಿಗೆ ಕಂಡಿದ್ದೂ ಇಂಥ ಫೋನ್ ವಿಡಿಯೋಗಳಿಂದಾನೇ.