ಗಾಡಿ ಮಿಸ್ಸಿಂಗ್ ಇದೆ, ಕಾರ್ಬುರೇಟರ್ ಬದಲಾಯಿಸಲೇ?

ಪ್ರಶ್ನೆ: ನಮ್ಮದು 1997ರ ಮಾರುತಿ 800. ಐಡ್ಲಿಂಗ್‌ನಲ್ಲಿ ಇಡೀ ಗಾಡಿ ಅಲುಗಾಡುತ್ತದೆ, ಘಾಟಿ ಹತ್ತುವಾಗ ಜಗ್ಗುತ್ತದೆ, ಮಳೆ ಬಂದರೆ ಇನ್ನೂ ಜಾಸ್ತಿ. ಎರಡು ಸಲ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿಸಿದೆವು. ಒಂದು ವಾರ ಚೆನ್ನಾಗಿತ್ತು, ಮತ್ತೆ ಶುರುವಾಯಿತು. ಈಗ ಹೊಸ ಕಾರ್ಬುರೇಟರ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಲೇ ಸರ್?

ಉತ್ತರ: ಬೇಡ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ, ಅದರಲ್ಲೂ 'ಮಳೆ ಬಂದರೆ ಇನ್ನೂ ಜಾಸ್ತಿ' ಅನ್ನುವ ಮಾತಿನಲ್ಲಿ.

ಮುಂಗಾರು ಹಿಡಿಯಿತೆಂದರೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಊರು ಬೇರೆ, ಗಾಡಿಯ ಬಣ್ಣ ಬೇರೆ, ಕಥೆ ಮಾತ್ರ ಒಂದೇ: ಮಿಸ್ಸಿಂಗ್ ಬಂತು, ಅಂದರೆ ಎಂಜಿನ್ ಸರಿಯಾಗಿ ಉರಿಯದೆ ನಡುನಡುವೆ ತಪ್ಪತೊಡಗಿತು, ಕಾರ್ಬುರೇಟರ್ ಬಿಚ್ಚಿದರು. ಸಾಗರದ ಕಡೆ ಸ್ಪ್ಯಾನರ್ ಹಿಡಿದು ಮೂವತ್ತು ವರ್ಷ ಆಯಿತು. ಎಷ್ಟೋ ಹುಡುಗರು ನನ್ನ ಹತ್ತಿರ ಕೆಲಸ ಕಲಿತು ಸ್ವಂತ ಗ್ಯಾರೇಜ್ ಇಟ್ಟಿದ್ದಾರೆ. ಅವರಿಗೆ ಮೊದಲ ವಾರದಲ್ಲೇ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ಒಂದೇ ಒಂದು ಸಿಲಿಂಡರ್ ಸತ್ತಿದ್ದರೆ, ಅಂದರೆ ಅದರೊಳಗೆ ಪೆಟ್ರೋಲ್ ಉರಿಯದಿದ್ದರೆ, ಕಾರ್ಬುರೇಟರ್ ಮುಟ್ಟಬೇಡಿ.

800ರದ್ದು 796 ಸಿಸಿ ಎಂಜಿನ್, ಮೂರು ಸಿಲಿಂಡರ್. ಕಾರ್ಬುರೇಟರ್ ಇರುವುದು ಒಂದೇ. ಪೆಟ್ರೋಲ್ ಗಾಳಿ ಎರಡೂ ಬೆರೆತು ಅಲ್ಲಿಂದ ಮ್ಯಾನಿಫೋಲ್ಡ್‌ಗೆ ಇಳಿದು, ಅಲ್ಲಿಂದ ಮೂರು ದಾರಿಯಾಗುತ್ತದೆ. ನಿಮ್ಮ ಮನೆಯ ಮೇಲಿನ ಟ್ಯಾಂಕನ್ನೇ ನೆನೆಸಿಕೊಳ್ಳಿ. ಅದೇ ಟ್ಯಾಂಕಿನಿಂದ ಅಡುಗೆಮನೆಗೆ, ಬಚ್ಚಲಿಗೆ, ಹಿತ್ತಿಲಿಗೆ ಮೂರು ನಲ್ಲಿ. ಟ್ಯಾಂಕಿನಲ್ಲಿ ಕೆಸರು ಸೇರಿದ್ದರೆ ಮೂರರಲ್ಲೂ ಕೆಂಪು ನೀರು ಬರಬೇಕು. ಬಚ್ಚಲ ನಲ್ಲಿ ಒಂದೇ ನಿಂತುಹೋದರೆ ಟ್ಯಾಂಕ್ ತೊಳೆಯಲು ಏಣಿ ಹಾಕುವವರು ಯಾರೂ ಇಲ್ಲ. ಗಾಡಿಯ ವಿಷಯಕ್ಕೆ ಬಂದರೆ ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳಿಯೇ ಕೇಳುತ್ತಾರೆ, 'ಕಾರ್ಬುರೇಟರ್‌ನಲ್ಲಿ ಎರಡು ಬ್ಯಾರೆಲ್ ಇದೆಯಲ್ಲ, ಒಂದು ಕಟ್ಟಿಕೊಂಡಿರಬಹುದಲ್ಲವೇ' ಎಂದು. ಆ ಎರಡು ಬ್ಯಾರೆಲ್‌ಗಳನ್ನು ಸಿಲಿಂಡರ್‌ಗಳಿಗೆ ಪಾಲು ಹಂಚಿಲ್ಲ. ಮೊದಲನೆಯದು ಯಾವಾಗಲೂ ಕೆಲಸ ಮಾಡುತ್ತದೆ, ಎರಡನೆಯದು ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ತೆರೆಯುತ್ತದೆ. ಎರಡೂ ಸುರಿಯುವುದು ಒಂದೇ ಮ್ಯಾನಿಫೋಲ್ಡ್‌ಗೆ.

ಹಾಗಾದರೆ ಕ್ಲೀನ್ ಮಾಡಿಸಿದ ಮೇಲೆ ಒಂದು ವಾರ ಸರಿಯಾದದ್ದು ಹೇಗೆ? ಈ ನಂಬಿಕೆ ಇಷ್ಟು ವರ್ಷ ಬದುಕಿರುವುದೇ ಆ ಒಂದು ವಾರದಿಂದ. ಕಾರ್ಬುರೇಟರ್ ಇಳಿಸುವಾಗ ಏನೇನಾಗುತ್ತದೆ ನೋಡಿ. ಏರ್ ಫಿಲ್ಟರ್ ಡಬ್ಬಿ ತೆಗೆಯುತ್ತಾರೆ, ಪ್ಲಗ್ ಲೀಡುಗಳನ್ನು, ಅಂದರೆ ಕಿಡಿ ಹೊತ್ತಿಸುವ ಪ್ಲಗ್‌ಗೆ ಕರೆಂಟು ತರುವ ವೈರುಗಳನ್ನು, ಪಕ್ಕಕ್ಕೆ ಸರಿಸುತ್ತಾರೆ, ಕೆಲಸ ಮುಗಿದ ಮೇಲೆ ಒತ್ತಿ ಕೂರಿಸುತ್ತಾರೆ. ಸಡಿಲವಾಗಿದ್ದ ಲೀಡ್ ಸರಿಯಾಗಿ ಕೂತಿತು. ಬಾನೆಟ್ ಎತ್ತಿಟ್ಟು ಅರ್ಧ ದಿನ ಶೆಡ್ಡಿನಲ್ಲಿ ನಿಂತದ್ದಕ್ಕೆ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ತೇವ ಆರಿತು. 'ಟ್ಯೂನಿಂಗ್' ಎಂದರೆ ಪ್ಲಗ್ ಉಜ್ಜುವುದೂ ಸೇರಿತು, ಕೆಲವರು ಹೊಸದನ್ನೇ ಹಾಕಿದರು. ಕೊನೆಗೆ ಐಡ್ಲಿಂಗ್ ಸ್ಕ್ರೂ ಒಂದು ಸುತ್ತು ಏರಿಸಿದರು. ಆರ್‌ಪಿಎಂ ಏರಿದರೆ ಅಲುಗಾಟ ಗೊತ್ತಾಗುವುದು ಕಡಿಮೆ. ಗಾಡಿ ಸರಿಹೋದದ್ದು ಇವುಗಳಿಂದ, ಹೆಸರು ಬಂದದ್ದು ಕಾರ್ಬುರೇಟರ್‌ಗೆ. ಮುಂದಿನ ಮಳೆಗೆ ಹಳೆಯ ಬಿರುಕಿನ ಲೀಡ್ ಮತ್ತೆ ಒದ್ದೆಯಾಯಿತು, ನೀವು ಮತ್ತೆ ಗ್ಯಾರೇಜ್ ಬಾಗಿಲಿಗೆ ಬಂದಿರಿ.

ದುಡ್ಡು ಹೋದದ್ದಷ್ಟೇ ಆದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸುಮ್ಮನೆ ಬಿಚ್ಚಿದರೆ ಚೆನ್ನಾಗಿದ್ದ ಕಾರ್ಬುರೇಟರ್ ಹಾಳಾಗುತ್ತದೆ. ಹಿತ್ತಾಳೆಯ ಜೆಟ್‌ನ ತೂತು ಸೂಜಿಮೊನೆಯಷ್ಟು ಸಣ್ಣದು, ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುವುದು ಆ ಅಳತೆಯೇ. ಅದಕ್ಕೆ ಕ್ಲಚ್ ವೈರಿನ ಎಳೆ ತೂರಿಸಿ ತಿಕ್ಕಿದವರನ್ನು ಕಣ್ಣಾರೆ ನೋಡಿದ್ದೇನೆ. ತೂತು ಅಗಲವಾದ ಮೇಲೆ ಮೈಲೇಜ್ ಬೀಳುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಬುಡದ ಗ್ಯಾಸ್ಕೆಟ್ ಹರಿದದ್ದನ್ನೇ ಮತ್ತೆ ಹಾಕಿದರೆ ಅಲ್ಲಿಂದ ಗಾಳಿ ಎಳೆದುಕೊಂಡು, ಆಗ ನಿಜವಾಗಿಯೂ ಕಾರ್ಬುರೇಟರ್ ತೊಂದರೆ ಶುರುವಾಗುತ್ತದೆ.

ಕಾರ್ಬುರೇಟರ್‌ನದೇ ತಪ್ಪಾಗಿದ್ದರೆ ಅದರ ಲಕ್ಷಣ ಬೇರೆ. ಮೂರೂ ಸಿಲಿಂಡರ್ ಒಟ್ಟಿಗೆ ಸೊರಗುತ್ತವೆ. ಘಾಟಿಯಲ್ಲಿ ಟಕ್ ಟಕ್ ಎಂದು ಹೊಡೆಯುವುದಿಲ್ಲ, ಗಾಡಿ ಮೆತ್ತಗೆ ದಮ್ಮು ಕಳೆದುಕೊಳ್ಳುತ್ತದೆ, ಪಕ್ಕಕ್ಕೆ ಹಾಕಿ ಒಂದು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಆಗಲೂ ಮೊದಲು ನೋಡಬೇಕಾದ್ದು ಪೆಟ್ರೋಲ್ ಫಿಲ್ಟರ್ ಮತ್ತು ಪಂಪ್. ತಿಂಗಳುಗಟ್ಟಲೆ ನಿಂತ ಗಾಡಿಯ ಮಾತು ಬೇರೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಭಾಗಗಳಿಗೂ ಅದು ಆಗಿಬರುವುದಿಲ್ಲ. ಅಂಥ ಗಾಡಿಯ ಕಾರ್ಬುರೇಟರ್ ತೆಗೆದು ನೋಡುವುದಕ್ಕೆ ನನ್ನ ತಕರಾರಿಲ್ಲ. ನಿಮ್ಮದು ದಿನಾ ಓಡುವ ಗಾಡಿ.

ಈಗ ನಿಮ್ಮ ಕೆಲಸ. ಮೊದಲು ಕಿವಿ ಕೊಡಿ. ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್ ಬಾಯಿಗೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಿರಿ. ಐಡ್ಲಿಂಗ್ 900 ಆರ್‌ಪಿಎಂ ಎಂದಿಟ್ಟುಕೊಂಡರೆ, ಎರಡು ಸುತ್ತಿಗೆ ಒಮ್ಮೆಯಂತೆ ಒಂದೊಂದು ಸಿಲಿಂಡರ್ ನಿಮಿಷಕ್ಕೆ 450 ಸಲ ಉರಿಯಬೇಕು, ಅಂದರೆ ಸೆಕೆಂಡಿಗೆ ಏಳೂವರೆ ಸಲ. ಒಂದು ಸತ್ತಿದ್ದರೆ ಅಂಗೈಗೆ ಬಡಿಯುವ ಗಾಳಿಯಲ್ಲಿ ಅಷ್ಟೇ ಸಲ, ಒಂದೇ ಲಯದಲ್ಲಿ, ಖಾಲಿ ಬಿಟ್ಟುಹೋಗುತ್ತದೆ. ಲಯವೇ ಇಲ್ಲದೆ ಆಗೊಮ್ಮೆ ಈಗೊಮ್ಮೆ ತಪ್ಪಿದರೆ ಕಿಡಿಗೆ ಬೇಕಾದ ವೋಲ್ಟ್ ಏರಿಸಿಕೊಡುವ ಕಾಯಿಲ್, ಕಾಯಿಲ್‌ನ ಕರೆಂಟು ಕಡಿದು ಕೂಡಿಸುವ ಪಾಯಿಂಟ್ ಇರುವ ಗಾಡಿಯಾದರೆ ಪಾಯಿಂಟ್ ಮತ್ತು ಕಂಡೆನ್ಸರ್, ಇಲ್ಲವೇ ಪೆಟ್ರೋಲಿನ ಕಡೆ ನೋಡಬೇಕು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಹೋದರೂ ಮೂರು ಎಳೆಯುತ್ತವೆ. ಇಲ್ಲಿ ಮೂರರಲ್ಲಿ ಒಂದು ಹೋದರೆ ಉಳಿದ ಎರಡು ಆ ಸತ್ತದ್ದನ್ನೂ ಹೊತ್ತು ತಿರುಗಬೇಕು. ಸ್ಟೀರಿಂಗ್, ಕನ್ನಡಿ ಎಲ್ಲ ನಡುಗುವುದು ಅದಕ್ಕೇ.

ಸತ್ತದ್ದು ಯಾವುದು ಎಂದು ಕಂಡುಹಿಡಿಯುವುದು ಸುಲಭ. ಒಂದು ಹಳೆಯ ಪ್ಲಗ್ ಇಟ್ಟುಕೊಳ್ಳಿ. ಎಂಜಿನ್ ಆಫ್ ಮಾಡಿ, ಒಂದನೇ ಸಿಲಿಂಡರಿನ ಲೀಡ್ ಕಳಚಿ ಈ ಹಳೆಯ ಪ್ಲಗ್‌ಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗುವಂತೆ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ. ಓಡುವ ಎಂಜಿನ್‌ನಲ್ಲಿ ಬರಿಗೈಯಿಂದ ಲೀಡ್ ಕೀಳಬೇಡಿ, ಅದು ಸಾವಿರಾರು ವೋಲ್ಟಿನ ಕರೆಂಟು. ಎಂಜಿನ್ ಇನ್ನೂ ಕೆಟ್ಟದಾಗಿ ನಡುಗಿತೆಂದರೆ ಆ ಸಿಲಿಂಡರ್ ಬದುಕಿತ್ತು. ಏನೂ ವ್ಯತ್ಯಾಸ ಆಗಲಿಲ್ಲವೆಂದರೆ ಸತ್ತದ್ದು ಅದೇ. ಟೈಮಿಂಗ್ ಬೆಲ್ಟ್ ಇರುವ ಕಡೆಯಿಂದ ಒಂದು, ಎರಡು, ಮೂರು ಎಂದು ಲೆಕ್ಕ. ಮೂರರದ್ದೂ ಹೀಗೆ ನೋಡಿ.

ಸತ್ತ ಸಿಲಿಂಡರಿನ ಪ್ಲಗ್ ಬಿಚ್ಚಿ ಮೂಸಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಾರ್ಬುರೇಟರ್ ತನ್ನ ಕೆಲಸ ಮಾಡಿದೆ, ಬೆಂಕಿ ಹತ್ತಿಲ್ಲ ಅಷ್ಟೇ. ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ, ಪಕ್ಕದ್ದನ್ನು ಇಲ್ಲಿಗೆ ಹಾಕಿ. ಮಿಸ್ಸಿಂಗ್ ಪ್ಲಗ್ಗಿನ ಜೊತೆ ಆ ಕಡೆ ಹೋದರೆ ಪ್ಲಗ್ ಬದಲಾಯಿಸಿ, ಕಿಡಿ ಹಾರುವ ತುದಿಯ ಗ್ಯಾಪ್ ಗಾಡಿಯ ಪುಸ್ತಕದಲ್ಲಿ ಇರುವಷ್ಟೇ ಇಡಿಸಿ. ಹೋಗಲಿಲ್ಲವೆಂದರೆ ಮುಂದಿನ ಅನುಮಾನ ಲೀಡ್.

ಲೀಡ್ ನೋಡಲು ರಾತ್ರಿಯಾಗಬೇಕು. ಶೆಡ್ಡಿನ ದೀಪ ಆರಿಸಿ, ಬಾನೆಟ್ ಎತ್ತಿ, ಗಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಹೂವಿನ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ಲೀಡುಗಳ ಮೇಲೆ ಮಂಜಿನಷ್ಟು ನೀರು ಚಿಮುಕಿಸಿ, ಕೈ ದೂರವಿರಲಿ. ಕೆಟ್ಟ ಲೀಡ್ ತಾನೇ ತೋರಿಸಿಕೊಡುತ್ತದೆ. ರಬ್ಬರಿನ ಬಿರುಕಿನಿಂದ ಎಂಜಿನ್ ಹೆಡ್ಡಿಗೆ ನೀಲಿ ಕಿಡಿ ಚಟ್ ಚಟ್ ಎಂದು ಹಾರುತ್ತದೆ. ಮೊದಲ ಸಲ ನೋಡಿದ ನನ್ನ ಹುಡುಗರೆಲ್ಲ ಎರಡು ಹೆಜ್ಜೆ ಹಿಂದೆ ಸರಿದಿದ್ದಾರೆ, ಆಮೇಲೆ ಅವರಿಗೆ ಯಾರೂ ಮಿಸ್ಸಿಂಗ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ.

ಘಾಟಿಯಲ್ಲಿ ಜಾಸ್ತಿಯಾಗುವುದಕ್ಕೂ ಇದೇ ಕಾರಣ. ಏರು ಹತ್ತುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಪಕ್ಕದಲ್ಲೇ ಒದ್ದೆ ಬಿರುಕಿದ್ದರೆ ಅದು ಆ ಸುಲಭದ ದಾರಿ ಹಿಡಿಯುತ್ತದೆ. ಇದನ್ನು ನೋಡಿಯೇ ಎಲ್ಲರೂ 'ಘಾಟಿಯಲ್ಲಿ ಪೆಟ್ರೋಲ್ ಸಾಲುತ್ತಿಲ್ಲ' ಅಂದುಕೊಳ್ಳುವುದು.

ಲೀಡ್ ಚೆನ್ನಾಗಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೆ ಎರಡು ಕಂಬಗಳ ನಡುವೆ ಪೆನ್ಸಿಲ್ಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲಿ ದಾರಿ ಮಾಡಿಕೊಂಡಿದೆ. ಮರಳು ಕಾಗದದಲ್ಲಿ ಉಜ್ಜಿ ಪ್ರಯೋಜನವಿಲ್ಲ, ಕ್ಯಾಪ್ ಮತ್ತು ಅದರೊಳಗೆ ತಿರುಗುವ ರೋಟರ್ ಒಟ್ಟಿಗೆ ಬದಲಾಯಿಸಿ. ಮಿಸ್ಸಿಂಗ್ ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದು ಕೆಳಗಿಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಗೊತ್ತಾಗುತ್ತದೆ.

2000ದ ಆಸುಪಾಸಿನಿಂದ ಬಂದ, ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರುವ ಎಂಪಿಎಫ್‌ಐ ಗಾಡಿಯವರು ಮೇಲಿನ ಟ್ಯಾಂಕಿನ ಲೆಕ್ಕ ಹಿಡಿದು ನನ್ನ ಜೊತೆ ವಾದಕ್ಕೆ ಬರಬೇಡಿ. ನಿಮ್ಮಲ್ಲಿ ಒಂದೊಂದು ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇದೆ, ಒಂದು ಮಾತ್ರ ಕಟ್ಟಿಕೊಳ್ಳಬಹುದು. ಪ್ಲಗ್ ಲೀಡ್ ಕಳಚುವ ಬದಲು ಇಂಜೆಕ್ಟರಿನ ವೈರ್ ಕನೆಕ್ಟರ್ ಒಂದೊಂದಾಗಿ ತೆಗೆದು ಪರೀಕ್ಷಿಸಿ. ಇಲ್ಲದಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತದೆ.

ಪ್ಲಗ್, ಲೀಡ್, ಕ್ಯಾಪ್ ಎಲ್ಲ ಸರಿಯಿದ್ದೂ ಒಂದು ಸಿಲಿಂಡರ್ ಏಳದಿದ್ದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗ ಏಳುವ ಒತ್ತಡ, ನೋಡಿಸಿ. ಆ ಒಂದರಲ್ಲಿ ಕಡಿಮೆ ಬಂದರೆ ಪ್ಲಗ್ಗಿನ ತೂತಿನಿಂದ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ನೋಡಬೇಕು. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡರಲ್ಲೂ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ವಾಲ್ವ್ ಅಂದ ಕೂಡಲೇ ಇನ್ನೊಂದು ಹೇಳಲೇಬೇಕು, ನೀವು ಕೇಳದಿದ್ದರೂ. 'ಟ್ಯಾಪೆಟ್ ಸೌಂಡ್ ಬರ್ತಿದೆ, ಟೈಟ್ ಮಾಡಿಕೊಡಿ' ಎಂದು ಗಾಡಿ ತರುವವರಿದ್ದಾರೆ. ಈ ಎಂಜಿನ್‌ನಲ್ಲಿ ಟ್ಯಾಪೆಟ್ ಸ್ವಲ್ಪ ಟಿಕ್ ಟಿಕ್ ಅನ್ನಲೇಬೇಕು. ವಾಲ್ವ್ ಮತ್ತು ರಾಕರ್ ನಡುವೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಜಾಗ ಬಿಡುವುದು, ಬಿಸಿಗೆ ವಾಲ್ವ್ ಉದ್ದವಾದಾಗಲೂ ಅದು ಸೀಟಿನ ಮೇಲೆ ಪೂರ್ತಿ ಕೂರಲಿ ಎಂದು. ಆ ಜಾಗ ಮುಚ್ಚಿದರೆ ಸದ್ದೇನೋ ನಿಲ್ಲುತ್ತದೆ, ಆದರೆ ವಾಲ್ವ್ ಕೂದಲೆಳೆಯಷ್ಟು ತೆರೆದೇ ಇರುತ್ತದೆ, ಬೆಂಕಿ ಆ ಸಂದಿನಿಂದ ನುಗ್ಗುತ್ತದೆ. ಒಮ್ಮೆ ಗ್ಯಾಸಿನಲ್ಲಿ ಓಡುವ ಓಮ್ನಿಯೊಂದು ಬಂದಿತ್ತು, ಅದೇ 796 ಸಿಸಿ ಎಂಜಿನ್, ನಡುವಿನ ಸಿಲಿಂಡರ್ ಸತ್ತಿತ್ತು. ಗ್ಯಾಸಿನ ಗಾಡಿಗಳಲ್ಲಿ ವಾಲ್ವ್ ಸೀಟ್ ಬೇಗ ಸವೆದು ಆ ಜಾಗ ತಾನಾಗಿಯೇ ಕಡಿಮೆಯಾಗುತ್ತದೆ, ಇದರಲ್ಲಿ ಮೇಲಿಂದ ಟೈಟ್ ಬೇರೆ ಮಾಡಿದ್ದರು. ಹೆಡ್ ಇಳಿಸಿದಾಗ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ಕೊಬ್ಬರಿ ಹೋಳಿನ ಹಾಗೆ ಒಂದು ಕಡೆ ತಿಂದುಹೋಗಿತ್ತು. ಆ ಯಜಮಾನರು ಅದಕ್ಕೂ ಮೊದಲು ಎರಡು ಕಡೆ ಟ್ಯೂನಿಂಗ್ ಮಾಡಿಸಿ ಬಂದಿದ್ದರು. ವಾಲ್ವ್ ಬದಲಾಯಿಸಿ, ಸೀಟ್ ಕಟ್ ಮಾಡಿಸಿ, ತಣ್ಣಗಿನ ಎಂಜಿನ್‌ನಲ್ಲಿ ಫೀಲರ್ ಗೇಜ್ ಹಾಕಿ ಟ್ಯಾಪೆಟ್ ಸೆಟ್ ಮಾಡಿ ಕೊಟ್ಟೆ. 'ಸೌಂಡ್ ಬರ್ತಿದೆಯಲ್ಲ' ಅಂದರು. 'ಬರಲಿ ಬಿಡಿ ಯಜಮಾನ್ರೇ, ಅದು ಬದುಕಿರುವ ಸೌಂಡು' ಅಂದೆ.

ನಿಮ್ಮ ಗಾಡಿಗೆ ಅಷ್ಟು ದೂರ ಹೋಗಬೇಕಾಗಿ ಬರಲಾರದು. ಮಳೆಗೆ ಜಾಸ್ತಿ, ಏರಿಗೆ ಜಾಸ್ತಿ ಅಂದರೆ ಲೀಡ್ ಇಲ್ಲವೇ ಕ್ಯಾಪ್. ಇವತ್ತು ರಾತ್ರಿ ಸ್ಪ್ರೇ ಬಾಟಲಿ ಹಿಡಿದು ಬಾನೆಟ್ ಎತ್ತಿ ನೋಡಿ, ಕಿಡಿ ಎಷ್ಟನೇ ಲೀಡಿನಲ್ಲಿ ಹಾರಿತೆಂದು ನನಗೆ ಬರೆಯಿರಿ.